ದೊಡ್ಡವರಿಗೆ ದೊಡ್ಡ ಸಂಖ್ಯೆ

ಹನ್ನೊಂದಕ್ಕೆ ಹದಿನೇಳು ನಿಮಿಷ ಇರುವಾಗ, ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವ ಬುರುಲ್‌ಗೆ ಕೈ ತೊಳೆದುಕೊಳ್ಳಬೇಕು ಅನ್ನಿಸಿತು. ಕೈ ಕೊಳೆಯಾಗಿರಲಿಲ್ಲ. ಬೆಳಿಗ್ಗೆಯಿಂದ ಕೀಬೋರ್ಡನ್ನು ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ; ಅದರ ಮೇಲೂ ಒಂದೇ ಒಂದು ಸಾಲು ಬರೆದು, ಕೊನೆಯ ಗುಂಡಿ ಒತ್ತದೆ ಅಳಿಸಿ, ಮತ್ತೆ ಅದನ್ನೇ ಬರೆದು ಕೂತಿದ್ದಳು. ಗುಂಡಿ ಒತ್ತಿದರೆ ಕಾಲೇಜಿನ ನೆಟ್‌ವರ್ಕ್ ಒಂದು ನಿಮಿಷ ಸತ್ತು ಬದುಕುತ್ತಿತ್ತು, ಆಮೇಲೆ ಡೈರೆಕ್ಟರರ ಕಟ್ಟಡದಲ್ಲಿ ಎಂದೂ ಸಾಯುತ್ತಿರಲಿಲ್ಲ. ಒತ್ತದಿದ್ದರೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗ, ಆರು ತಿಂಗಳಿಂದ ಸಾಯುತ್ತಿರುವ ಹಾಗೆ, ಇವತ್ತೂ ಸಾಯುತ್ತಿತ್ತು. ಆಮೇಲೆ ಹನ್ನೊಂದೂವರೆಯ ಸಭೆಯಲ್ಲಿ, ಕರೆಂಟು ಸರಿಯಾಗಿ ನೋಡಿಕೊಳ್ಳದ ತಪ್ಪಿಗೆ, ಪಿಂಚಣಿಗೆ ಎರಡು ವರ್ಷ ಬಾಕಿ ಇರುವ ಎಲೆಕ್ಟ್ರಿಷಿಯನ್ ಶಾರ್ಶೆನ್‌ನನ್ನು ಕೆಲಸದಿಂದ ತೆಗೆಯುತ್ತಿದ್ದರು. ಎರಡು ಮೆಮೋ ಆಗಿದ್ದವು. ಮೂರನೆಯದೆಂದರೆ ಮನೆ. ಸುಮ್ಮನೆ ಗುಂಡಿ ಒತ್ತಿ ಎಲ್ಲ ಸರಿಮಾಡಿ ಕೂತರೂ ಅವನಿಗೆ ಉಳಿಗಾಲ ಇರಲಿಲ್ಲ, ಅದೇ ತಮಾಷೆ. 'ನೋಡಿ, ಹೆದರಿಸಿದ ಕೂಡಲೆ ಸರಿಯಾಯಿತು, ಅಂದರೆ ಅವನದೇ ತಪ್ಪು' ಎಂದು ಇಡೀ ಕಾಲೇಜು ತಲೆಯಾಡಿಸುತ್ತಿತ್ತು. ತಪ್ಪು ಅವನದಲ್ಲ. ತಪ್ಪು ಬುರುಲ್‌ಳದು. ಇದು ಬುರುಲ್‌ಗೆ ಒಂಬತ್ತು ದಿನದಿಂದ ಗೊತ್ತಿತ್ತು.

ಶಾರ್ಶೆನ್ ಎಂಬ ಹೆಸರನ್ನು ಅವಳು ಬಾಯಲ್ಲಿ ಆಡುವಂತಿರಲಿಲ್ಲ. ಅವನು ಗಂಡನ ಕಡೆಯ ಹಿರಿಯ, ಮಾವನ ಚಿಕ್ಕಪ್ಪನ ಮೊಮ್ಮಗ. ಮನೆಗೆ ಬಂದ ಸೊಸೆ, ಕೆಲಿನ್, ಅಂಥವರ ಹೆಸರು ಹೇಳಬಾರದು. ಹೆಸರಿನ ಹಾಗೆ ಕೇಳಿಸುವ ಮಾತನ್ನೂ ಆಡಬಾರದು. ಶಾರ್ಶೆನ್ ಹುಟ್ಟಿದ್ದು ಬುಧವಾರ, ಇಟ್ಟದ್ದು ಬುಧವಾರದ ಹೆಸರು. ಹೀಗಾಗಿ ಇಪ್ಪತ್ತೊಂಬತ್ತು ವರ್ಷಗಳಿಂದ ಬುರುಲ್‌ಳ ವಾರದಲ್ಲಿ ಹೆಸರಿರುವ ದಿನ ಆರೇ. ಉಳಿದದ್ದು ಮಂಗಳವಾರದ ಮಾರನೆಯ ದಿನ. 'ಮಂಗಳವಾರದ ಮಾರನೆಯ ದಿನ ಸರ್ವರ್ ನಿಲ್ಲಿಸುತ್ತೇವೆ' ಎಂದು ಅವಳು ಫೋನಿನಲ್ಲಿ ಹೇಳಿದರೆ ರಾಜಧಾನಿ ಬಿಷ್ಕೆಕ್‌ನವರು ಗುರುವಾರವೋ ಎಂದು ಎಣಿಸತೊಡಗುತ್ತಿದ್ದರು. ಅವನು ಅವಳಿಗೆ ಕರೆಂಟ್ ಬಾಯ್ಕೆ, ಕರೆಂಟಿನ ಅಣ್ಣ. ಮನಸ್ಸಿನೊಳಗೆ ಮಾತ್ರ ಅವಳು ಆ ಹೆಸರನ್ನು ಬೇಕಾದಷ್ಟು ಸಲ, ಏಕವಚನದಲ್ಲಿ, ಹೇಳಿಕೊಳ್ಳುತ್ತಿದ್ದಳು. ಎಂಬತ್ತೊಂದರ ಅತ್ತೆಯ ಕಿವಿ ಈಗಲೂ ಚುರುಕು, ಆದರೆ ಅಷ್ಟಲ್ಲ.

ಕೈ ತೊಳೆಯುವ ನೆಪದಲ್ಲಿ ಎದ್ದಳು. ಓಣಿಯ ಕಿಟಕಿಯಿಂದ ಐದೂ ಕಟ್ಟಡಗಳು ಕಾಣುತ್ತಿದ್ದವು, ನಡುವೆ ಮಾರ್ಚಿನ ಕೆಸರು ಹಿಮ. ಮುಖ್ಯ ಕಟ್ಟಡ, ಗ್ರಂಥಾಲಯ, ವಿಜ್ಞಾನ, ಹಾಸ್ಟೆಲು, ಕ್ಯಾಂಟೀನು. ಒಂದೊಂದಕ್ಕೂ ಒಂದು ಸ್ವಿಚ್ ಪೆಟ್ಟಿಗೆ, ದೀಪದ ಸ್ವಿಚ್ಚಲ್ಲ, ನೆಟ್‌ವರ್ಕಿನ ತಂತಿಗಳೆಲ್ಲ ಬಂದು ಕೂಡುವ ಪೆಟ್ಟಿಗೆ. ಐದನ್ನೂ ಅವಳೇ ವರ್ತುಲವಾಗಿ ಕೈಕೈ ಹಿಡಿಸಿ ನಿಲ್ಲಿಸಿದ್ದಳು. ಒಂದು ಕೈ ಬಿಟ್ಟರೂ ಮಾತು ಇನ್ನೊಂದು ಕಡೆಯಿಂದ ಬಂದು ಮುಟ್ಟಲಿ ಎಂದು. ಆದರೆ ಐದೂ ಕೈ ಹಿಡಿದೇ ನಿಂತರೆ ಮಾತು ನಿಲ್ಲುವುದೇ ಇಲ್ಲ. ತಮ್ಮೂರು ಕರಾಕೋಲ್‌ನ ಸಂತೆಯ ಸುದ್ದಿಯ ಹಾಗೆ ತಾನು ಹೊರಟ ಮನೆಗೇ ಹೊಸ ಸುದ್ದಿಯಾಗಿ ಮರಳಿ, ಮತ್ತೆ ಹೊರಟು, ಸುತ್ತಿ ಸುತ್ತಿ ಎಲ್ಲರ ಕುತ್ತಿಗೆ ಹಿಸುಕುತ್ತದೆ. ಅದಕ್ಕೇ ಪೆಟ್ಟಿಗೆಗಳು ತಮ್ಮತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಳ್ಳುತ್ತವೆ. ಒಬ್ಬನನ್ನು ಹಿರಿಯ ಎಂದು ಆರಿಸಿ, ಅವನನ್ನು ಬೇರು ಎಂದು ಕರೆದು, ಎಲ್ಲ ದಾರಿಗಳನ್ನೂ ಅವನಿಂದ ಅಳೆದು, ಅವನಿಂದ ದೂರದ ಒಂದು ಕೈಯನ್ನು ಸುಮ್ಮನೆ ಬಿಟ್ಟುಕೊಂಡಿರುತ್ತವೆ. ಸ್ಪ್ಯಾನಿಂಗ್ ಟ್ರೀ, ಹರಡಿದ ಮರ, ಎಂದು ಅದಕ್ಕೆ ಹೆಸರು. ಹಿರಿಯ ಇದ್ದಕ್ಕಿದ್ದಂತೆ ಇಲ್ಲವಾದರೆ ಉಳಿದವು ಮುಕ್ಕಾಲು ನಿಮಿಷ, ಯಜಮಾನ ಹೋದ ಮನೆಯ ಹಾಗೆ, ಮಾತು ಬಿಟ್ಟು ಯೋಚಿಸಿ ಹೊಸಬನನ್ನು ಆರಿಸುತ್ತವೆ. ಹೋದವನು ಮರಳಿ ಬಂದರೆ ಮತ್ತೆ ಅಷ್ಟೇ ಮೌನ, ಮತ್ತೆ ಅವನೇ ಹಿರಿಯ. ಯಾರು ಹಿರಿಯ ಎನ್ನುವುದಕ್ಕೆ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇರುತ್ತದೆ. ಅದನ್ನು ನಾವು ಬರೆಯಬಹುದು, ಸೊನ್ನೆಯಿಂದ ಅರವತ್ತೊಂದು ಸಾವಿರದ ನಾನೂರ ನಲವತ್ತರವರೆಗೆ, ನಾಲ್ಕು ಸಾವಿರದ ತೊಂಬತ್ತಾರರ ಮೆಟ್ಟಿಲುಗಳಲ್ಲಿ. ಬರೆಯದೆ ಬಿಟ್ಟರೆ ನಡುವಿನದೊಂದು, ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು, ತಾನೇ ತಾನಾಗಿ ಇರುತ್ತದೆ.

ಸಂಖ್ಯೆ ಹಂಚುವುದು ಎಂದರೆ ಮೂಳೆ ಹಂಚಿದ ಹಾಗೆ. ನಲ್ಲಿಯ ನೀರು ಐಸಿನಂತೆ ಕೊರೆಯುತ್ತಿತ್ತು. ಅವತ್ತಿನ ತಟ್ಟೆ ಬಿಸಿಯಾಗಿತ್ತು, ಬೆರಳು ಸುಟ್ಟರೂ ಕೆಳಗಿಡುವಂತಿರಲಿಲ್ಲ. ಅವಳಿಗೆ ಇಪ್ಪತ್ತೆರಡು ವರ್ಷ, ಮದುವೆಯಾಗಿ ನಲವತ್ತು ದಿನ, ಕುರಿ ಕಡಿದ ಊಟ, ಸೊಂಟದ ಮೂಳೆ ಎಲ್ಲರಿಗಿಂತ ಹಿರಿಯರಿಗೆ, ತೊಡೆಯದು ಅವರ ಮುಂದಿನವರಿಗೆ, ಹೀಗೆ ಇಳಿಯುತ್ತ ಇಳಿಯುತ್ತ ಬಾಗಿಲ ಬಳಿ ಕೂತವರಿಗೆ ಬೆನ್ನಿನ ತುಂಡು. ಅತ್ತೆ ಮೂರು ಸಲ ಹೇಳಿಕೊಟ್ಟಿದ್ದರು. ಆದರೂ ಒಳಗೆ ಹೋಗುವಾಗ ಎರಡು ತಟ್ಟೆ ಅದಲುಬದಲಾಗಿ, ಗಂಡನ ದೊಡ್ಡಪ್ಪನ ಮುಂದೆ ಅವರ ತಮ್ಮನ ಮೂಳೆ ಬಂತು. ದೊಡ್ಡಪ್ಪ ಬೈಯಲಿಲ್ಲ. ಮೂಳೆಯನ್ನು ಎತ್ತಿ ನೋಡಿ, ತಟ್ಟೆಗೆ ಮರಳಿ ಇಟ್ಟು, ಚಾಕುವನ್ನು ಒರೆಸಿ ಒರೆಗೆ ಹಾಕಿ, ಗೋಡೆಯ ಕಡೆ ನೋಡಿದರು. ಹದಿನೆಂಟು ಜನ ಅಗಿಯುವುದನ್ನು ನಿಲ್ಲಿಸಿದರು. ಅವತ್ತಿನಿಂದ ಬುರುಲ್ ಯಾವ ಕೋಣೆಗೆ ಹೊಕ್ಕರೂ ಮೊದಲು ಯಾರು ಯಾರಿಗಿಂತ ದೊಡ್ಡವರು ಎಂದು ಎಣಿಸುತ್ತಾಳೆ. ಬಸ್ಸಿನಲ್ಲಿಯೂ ಎಣಿಸುತ್ತಾಳೆ. ಹಲ್ಲಿನ ಡಾಕ್ಟರರ ಸಾಲಿನಲ್ಲಿ, ಬಾಯಿ ಊದಿದ ಮುಖಗಳನ್ನೂ ಎಣಿಸುತ್ತಾಳೆ.

ನಾಲ್ಕು ವರ್ಷದ ಹಿಂದೆ ಬಿಷ್ಕೆಕ್‌ನ ತರಬೇತಿಯಲ್ಲಿ ಹನ್ನೆರಡು ಗಂಡಸರು, ಅವಳೊಬ್ಬಳು. ಕಲಿಸುವವನು ಬಿಳಿ ಬೂಟಿನ ಹುಡುಗ. ಹಲಗೆಯ ಮೇಲೆ ಸೊನ್ನೆ ಬರೆದು, ಉದ್ದ ಗೆರೆ ಎಳೆದು, ಆ ತುದಿಯಲ್ಲಿ ಅರವತ್ತೊಂದು ಸಾವಿರ ಚಿಲ್ಲರೆ ಬರೆದು, 'ಈಗ ಇವರಲ್ಲಿ ಯಾರು ಗೆಲ್ತಾರೆ ಅಂದ್ರೆ' ಎಂದು ತಿರುಗಿದ. ಸರಿಯಾಗಿ ಆಗ ಅತ್ತೆಯ, ಅವಳು ಅಪಾ ಎನ್ನುವವರ, ಫೋನು. ಓಣಿಗೆ ಓಡಿದಳು. ಹುಳಿಹಿಟ್ಟಿನ ಡಬ್ಬ ಎಲ್ಲಿಟ್ಟಿದ್ದೀಯ. ಅಲ್ಲೇ ಅಪಾ, ಕಿಟಕಿ ಕೆಳಗೆ. ಇಲ್ಲ ಇಲ್ಲಿ. ಹೊದಿಕೆ ಸುತ್ತಿದೆ ಅಪಾ. ಹೊದಿಕೆಯೂ ಇಲ್ಲ ಇಲ್ಲಿ. ಮೂರು ನಿಮಿಷ. ಮರಳಿ ಬಂದಾಗ ಹಲಗೆ ಒರೆಸಿ ಬೇರೇನೋ ಬರೆದಿದ್ದರು. ಪಕ್ಕದವನನ್ನು ಮೆಲ್ಲಗೆ ಕೇಳಿದಳು, 'ಯಾವುದು ದೊಡ್ಡದು?' ಅವನು ಅವಳನ್ನೂ ಹಲಗೆಯನ್ನೂ ನೋಡಿ, ಅಕ್ಕನಿಗೆ ಹೇಳುವ ಹಾಗೆ, 'ಎಜೆ, ಸೊನ್ನೆಗಿಂತ ಅರವತ್ತೊಂದು ಸಾವಿರ ದೊಡ್ಡದು' ಎಂದ. ಹಿಂದೆ ಇಬ್ಬರು ಬೂಟು ನೋಡಿಕೊಂಡು ನಕ್ಕರು. ಮತ್ತೆ ಕೇಳಲಿಲ್ಲ. ಕೇಳುವ ಅಗತ್ಯ ತಾನೇ ಏನು? ಕರಾಕೋಲ್‌ಗೆ ಮರಳಿದ ವಾರವೇ, ತಟ್ಟೆ ಅದಲುಬದಲಾಗದ ಹಾಗೆ ಕಾಗದದ ಮೇಲೆ ಬರೆದುಕೊಂಡು, ಡೈರೆಕ್ಟರ್ ಕೂರುವ ಮುಖ್ಯ ಕಟ್ಟಡಕ್ಕೆ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಕೊಟ್ಟಳು. ಉಪನಿರ್ದೇಶಕರ ವಿಜ್ಞಾನ ಕಟ್ಟಡಕ್ಕೆ ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನದು. ಆಮೇಲೆ ಗ್ರಂಥಾಲಯ, ಆಮೇಲೆ ಹಾಸ್ಟೆಲು, ಅದೂ ನಡುವಿನದಕ್ಕಿಂತ ಮೇಲೆಯೇ. ಕ್ಯಾಂಟೀನಿಗೆ ಏನನ್ನೂ ಕೊಡಲಿಲ್ಲ. ಊಟ ಬಡಿಸುವವಳಿಗೆ ಯಾರಾದರೂ ಮೂಳೆ ತೆಗೆದಿಡುತ್ತಾರೆಯೇ?

ಇದರಲ್ಲಿ ಚಿಕ್ಕ ಸಂಖ್ಯೆಯವನೇ ಹಿರಿಯ. ಅಷ್ಟೇ ವಿಷಯ. ಮೂರು ನಿಮಿಷದ ವಿಷಯ.

ಕ್ಯಾಂಟೀನಿನ ಕಡೆ ನಡೆಯುತ್ತಿರುವುದು ಅರ್ಧ ಅಂಗಳ ದಾಟಿದ ಮೇಲೆ ಅವಳ ಗಮನಕ್ಕೆ ಬಂತು. ಒಂಬತ್ತು ದಿನದ ಹಿಂದೆ, ಮಂಗಳವಾರದ ಮಾರನೆಯ ದಿನ, ಬೇಸತ್ತು ಒಂದೊಂದೇ ಪೆಟ್ಟಿಗೆಯನ್ನು ಕೇಳಿದ್ದಳು, ನಿನ್ನ ಹಿರಿಯ ಯಾರು? ಮುಖ್ಯ ಕಟ್ಟಡ ಒಂದು ವಿಳಾಸ ಹೇಳಿತು. ಗ್ರಂಥಾಲಯವೂ ಅದನ್ನೇ ಹೇಳಿತು. ನಾಲ್ಕೂ ಅದೇ ವಿಳಾಸವನ್ನು, ಊರ ಹಿರಿಯನ ಹೆಸರು ಹೇಳುವಷ್ಟು ಗಂಭೀರವಾಗಿ, ಹೇಳಿದವು. ಆ ವಿಳಾಸ ತನ್ನ ಪಟ್ಟಿಯಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ಹುಡುಕುತ್ತ ಕೊನೆಯ ಸಾಲಿಗೆ, ಕ್ಯಾಂಟೀನಿಗೆ, ಬಂದಾಗ ಅವಳಿಗೆ ಮೊದಲು ಬಂದದ್ದು ಭಯವಲ್ಲ. ನಗು. ಹೊರಗಿನ ಲೋಕದ ತಂತಿ ಬಂದು ಸೇರುವುದು ವಿಜ್ಞಾನ ಕಟ್ಟಡಕ್ಕೆ. ಡೈರೆಕ್ಟರ್ ದಿನಾ ಹನ್ನೊಂದರ ಹೊತ್ತಿನ ವಿಡಿಯೊ ಸಭೆಯಲ್ಲಿ ಮಂತ್ರಾಲಯಕ್ಕೆ ಹೇಳುವ ಒಂದೊಂದು 'ಗೌರವಾನ್ವಿತ'ವೂ ಗ್ರಂಥಾಲಯದ ಹತ್ತಿರದ ದಾರಿ ಬಿಟ್ಟು, ಪಾತ್ರೆ ತೊಳೆಯುವ ಕೋಣೆ ಹೊಕ್ಕು, ಹಾಸ್ಟೆಲಿನ ಒದ್ದೆ ಬಟ್ಟೆಗಳ ನಡುವೆ ನುಸುಳಿ, ಆಮೇಲೆ ಬಿಷ್ಕೆಕ್ ಸೇರುತ್ತಿತ್ತು. ನಾಲ್ಕು ವರ್ಷದಿಂದ!

"ಬಂದ್ಯಾ? ಕೂತ್ಕೋ, ಕೂತ್ಕೋ. ಇನ್ನೂ ನೀರು ಕಾಯ್ಬೇಕು" ಎಂದರು ಸೊನುನ್ ಎಜೆ. ಕ್ಯಾಂಟೀನಿನ ಅಡುಗೆಯಾಕೆ, ಅರವತ್ತು ದಾಟಿದವರು, ಮೊಣಕೈವರೆಗೆ ಹಿಟ್ಟು. ಕರಿದ ಬೂರ್ಸೋಕ್ ಉಂಡೆಗಳು ಬುಟ್ಟಿಯಲ್ಲಿ ಹೊಗೆಯಾಡುತ್ತಿದ್ದವು. ಗೋಡೆಯ ಮೇಲೆ, ಪಾತ್ರೆಗಳ ಕಪಾಟಿನ ಪಕ್ಕ, ಹಿರಿಯ ಮಿಣುಕುತ್ತಿದ್ದ. ಕೆಳಗೆ ಒಂದೇ ಒಂದು ಸಾಕೆಟ್ಟು. ಹೋದ ಸೆಪ್ಟೆಂಬರಿನಲ್ಲಿ ಚಹಾದ ನೀರು ಕಾಯಿಸುವ ಹಳೆಯ ಇದ್ದಿಲ ಸಮೋವರ್ ಹೋಗಿ ಕರೆಂಟಿನದು ಬಂದಿತ್ತು. "ಒಂಬತ್ತು ದಿನ ಆಯ್ತು ನೀನು ದಿನಾ ಈ ಹೊತ್ತಿಗೆ ಬರೋದು. ಮನೇಲಿ ಚಹಾ ಕೊಡಲ್ವೇನೆ ನಿಮ್ಮತ್ತೆ?"

"ಕೊಡ್ತಾರೆ ಎಜೆ. ಮಾಡೋದು ನಾನೇ."

"ಮತ್ತೆ ಈ ಗೋಡೆ ನೋಡ್ತಾ ಕೂರ್ತೀಯಲ್ಲ. ಗೋಡೇಲಿ ಏನಿದೆ, ಗಂಡು ಇದಾನಾ?"

ಬುರುಲ್ ಕೂತಳು. ಗಡಿಯಾರದಲ್ಲಿ ಹನ್ನೊಂದಕ್ಕೆ ಆರು ನಿಮಿಷ ಬಾಕಿ. 'ಎಜೆ, ಆ ಪ್ಲಗ್ ಕೀಳಬೇಡಿ' ಎಂದರೆ ಮುಗಿಯಿತು, ಇವತ್ತು ಡೈರೆಕ್ಟರರ ಮಾತು ನಿಲ್ಲುವುದಿಲ್ಲ. ಒಂಬತ್ತು ದಿನವೂ ಅವಳು ಅದನ್ನೇ ಹೇಳಲು ಬಂದದ್ದು. ಮೊದಲ ದಿನ ಹೇಳುವಷ್ಟರಲ್ಲಿ ಎಜೆ ಕಿತ್ತಾಗಿತ್ತು. 'ಈ ಮಿಣುಕು ನಿಂದಾ? ಐದು ನಿಮಿಷ ಪಕ್ಕಕ್ಕಿಟ್ಟು ಆಮೇಲೆ ಹಾಕ್ತೀನಿ. ಏನೂ ಬೇಜಾರು ಮಾಡ್ಕೊಳಲ್ಲ ಪಾಪ' ಎಂದಿದ್ದರು. ಎರಡನೆಯ ದಿನ ಶುಕ್ರವಾರ. ಅವತ್ತಿನ ಸಭೆಯಲ್ಲಿ ಶಾರ್ಶೆನ್‌ಗೆ ಎರಡನೆಯ ಮೆಮೋ ಕೊಟ್ಟರು, ಅವಳು ಎದುರಿಗೇ ಕೂತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದಳು. ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. ಆಗ ಉಪನಿರ್ದೇಶಕ ಎರ್ಕಿನ್‌ಬೆಕ್, 'ನಮ್ಮ ಬುರುಲ್ ಎಜೆಯ ಕೆಲಸ ಮಾತ್ರ ಕನ್ನಡಿ ಹಾಗೆ' ಎಂದುಬಿಟ್ಟರು. ತೆರೆದ ಬಾಯಿಯನ್ನು ಆಕಳಿಕೆಯಾಗಿ ಮಾಡಿ ಮುಚ್ಚಿದಳು. ಆಮೇಲಿನ ದಿನಗಳಲ್ಲಿ ಇಲ್ಲಿ ಬಂದು ಕೂರುವುದರಲ್ಲಿ ಒಂದು ರುಚಿ ಹತ್ತಿತು. ಅದನ್ನು ಅವಳು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ. ಈ ಒದ್ದೆ ಕೋಣೆಯಲ್ಲಿ, ಹಿಟ್ಟಿನ ಕೈಯ ಒಬ್ಬಳು ಮುದುಕಿ, ಲೋಕದಲ್ಲಿ ಏನನ್ನೂ ನಿಲ್ಲಿಸಿದ ಅರಿವಿಲ್ಲದೆ, ಇಡೀ ಕಾಲೇಜನ್ನು ನಿಲ್ಲಿಸುತ್ತಾಳೆ. ಅಲ್ಲಿ ಮೇಲೆ ಡೈರೆಕ್ಟರ್ ಮೆಲ್ಸ್ ಸಾದಿರೋವಿಚ್ ಪರದೆಯ ಮೇಲೆ ಬಾಯಿ ಅರ್ಧ ತೆರೆದು, ಒಂದು ಕಣ್ಣು ಮುಚ್ಚಿ, ಕಡಾಯಿಯಿಂದ ತೆಗೆದ ಮೀನಿನ ಹಾಗೆ ನಿಂತುಹೋಗುತ್ತಾರೆ. ಅದನ್ನು ಮಂತ್ರಾಲಯದವರು ಮುಕ್ಕಾಲು ನಿಮಿಷ ನೋಡುತ್ತಾರೆ. ಇದು ನೆನಪಾಗಿ ಬುರುಲ್ ಲೋಟದೊಳಗೆ ನಗುತ್ತಿದ್ದಳು. ನಗು ಮುಗಿದ ಮೇಲೆ ಜನವರಿಯ ಶಾರ್ಶೆನ್ ನೆನಪಾಗುತ್ತಿದ್ದ. ಸರೋವರದ ಗಾಳಿ ಬೀಸುವಾಗ ಕಂಬ ಹತ್ತಿ ಇಳಿದು, ಬಿರಿದ ಕೈಗಳನ್ನು ಅವಳ ಕೋಣೆಯ ಹೀಟರಿಗೆ ಹಿಡಿದು, 'ಕೆಲಿನ್, ನಿನ್ನ ಪೆಟ್ಟಿಗೆಗಳು ಏನಾದ್ರೂ ಹೇಳ್ತಾವಾ?' ಎಂದು ಕೇಳಿದ್ದ. 'ಇಲ್ಲ ಬಾಯ್ಕೆ, ನಮ್ಮ ಕಡೆ ಎಲ್ಲ ಸರಿ ಇದೆ' ಎಂದಿದ್ದಳು. ಆಗ ಅದು ಸುಳ್ಳಲ್ಲ, ಬರಿಯ ಜಂಬ.

"ಎಜೆ" ಎಂದಳು.

"ಹೇಳು."

"ಆ ಪ್ಲಗ್ಗು."

"ಹ್ಞಾಂ, ಇದೊಂದು" ಎಂದು ಸೊನುನ್ ಎಜೆ ಮಿಣುಕನ್ನು ಕಿತ್ತು ಸಮೋವರ್ ಚುಚ್ಚಿದರು. ಹಸಿರು ದೀಪಗಳು ಒಂದೇ ಸಲ ಆರಿದವು. ಎಲ್ಲೋ ದೂರದಲ್ಲಿ, ಇಲ್ಲಿಗೆ ಏನೂ ಕೇಳಿಸದಷ್ಟು ದೂರದಲ್ಲಿ, ಒಂದು ಬಾಯಿ ಅರ್ಧಕ್ಕೆ ನಿಂತಿತು. ಇವತ್ತು ನಗು ಬರಲಿಲ್ಲ. ಬೂರ್ಸೋಕ್ ಒಂದನ್ನು ಬಾಯಿಗೆ ಹಾಕಿಕೊಂಡಳು, ನಾಲಿಗೆ ಸುಟ್ಟಿತು.

ಹನ್ನೊಂದೂವರೆಗೆ ಡೈರೆಕ್ಟರರ ಕೋಣೆಯಲ್ಲಿ ಏಳು ಜನ. ಬುರುಲ್ ಅಭ್ಯಾಸಬಲದಿಂದ ಎಣಿಸಿದಳು. ಉದ್ದ ಮೇಜಿನ ತುದಿಯಲ್ಲಿ ಮೆಲ್ಸ್ ಸಾದಿರೋವಿಚ್, ಬಲಕ್ಕೆ ಎರ್ಕಿನ್‌ಬೆಕ್, ಆಮೇಲೆ ವಿಭಾಗದ ಮುಖ್ಯಸ್ಥರು ಇಬ್ಬರು, ಟಿಪ್ಪಣಿ ಬರೆಯುವ ಗುಲ್ಬಾರಾ, ತಾನು. ಬಾಗಿಲ ಬಳಿ ಗೋಡೆಗೊರಗಿದ ಕುರ್ಚಿಯಲ್ಲಿ, ಟೋಪಿಯನ್ನು ಮೊಣಕಾಲಿಗೆ ತೊಡಿಸಿ, ಶಾರ್ಶೆನ್. ಅವನು ಕ್ಷೌರ ಮಾಡಿಸಿಕೊಂಡು ಬಂದಿದ್ದ. ಅದನ್ನು ನೋಡಬಾರದಿತ್ತು. ಕಿವಿಯ ಹಿಂದೆ ಬ್ಲೇಡಿನ ಸಣ್ಣ ಗಾಯ, ಅದರ ಮೇಲೆ ಕಾಗದದ ಚೂರು.

"ಇವತ್ತು ಉಪಮಂತ್ರಿಗಳು ನನ್ನ ಬಾಯೊಳಗಿನ ಹಲ್ಲು ಎಣಿಸಿದ್ರಂತೆ" ಎಂದರು ಡೈರೆಕ್ಟರ್. "ಆರು ತಿಂಗಳು. ಕಾರಣ ಕೇಳ್ತಿದಾರೆ, ಹೆಸರು ಕೇಳ್ತಿದಾರೆ. ನನಗೂ ಸಾಕಾಗಿದೆ. ಗುಲ್ಬಾರಾ, ಆದೇಶ ಟೈಪ್ ಆಯ್ತಾ?"

"ಆಗಿದೆ ಮೆಲ್ಸ್ ಸಾದಿರೋವಿಚ್. ಸಹಿ ಒಂದೇ."

ಪೆನ್ನು ಹುಡುಕಲು ಅವರು ಕೋಟಿನ ಜೇಬು ತಡಕಿದರು. ಪೆನ್ನು ಆ ಜೇಬಿನಲ್ಲಿರಲಿಲ್ಲ. ಈ ಜೇಬಿನಲ್ಲಿಯೂ ಇರಲಿಲ್ಲ. ಬುರುಲ್‌ಳ ಪೆನ್ನು ಅವಳ ಕೈಯಲ್ಲೇ ಇತ್ತು. ದೊಡ್ಡವರು ಹುಡುಕುತ್ತಿರುವಾಗ ಎದ್ದು ಎರಡೂ ಕೈಯಲ್ಲಿ ಹಿಡಿದು ಕೊಡುವುದೇ ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ. ಎದ್ದಳು. ಅರ್ಧ ದಾರಿ ಹೋಗಿಯೂಬಿಟ್ಟಳು. ಪೆನ್ನು ಹಿಡಿದ ಕೈ ಚಾಚಿಯೇ ಇತ್ತು, ಆದರೆ ಹೊರಬಂದದ್ದು ಬೇರೆ ಮಾತು.

"ತಪ್ಪು ನಂದು" ಎಂದಳು.

"ಏನು?"

"ನೆಟ್ ಹೋಗೋದು. ಕರೆಂಟಿಂದಲ್ಲ. ನಾನು ಸಂಖ್ಯೆ ತಪ್ಪಾಗಿ ಕೊಟ್ಟಿದೀನಿ. ಇದರಲ್ಲಿ ಅವರದ್ದೇನೂ ಇಲ್ಲ."

"ಯಾರದು?" ಎಂದಳು ಗುಲ್ಬಾರಾ. "ಟಿಪ್ಪಣಿಗೆ ಹೆಸರು ಬೇಕು ಎಜೆ."

"ಕರೆಂಟ್ ಬಾಯ್ಕೆದು."

"ಕರೆಂಟ್ ಬಾಯ್ಕೆ ಅಂತ ಬಿಷ್ಕೆಕ್‌ಗೆ ಕಳಿಸೋಕಾಗತ್ತಾ?"

"ಬರ್ಕೊಳಮ್ಮ, ಶಾರ್ಶೆನ್" ಎಂದಿತು ಬಾಗಿಲ ಬಳಿಯ ದನಿ. "ಅವಳನ್ನ ಕಾಡ್ಬೇಡ. ನೇಣಿಗೆ ಹಾಕಿದ್ರೂ ಅವಳ ಬಾಯಿಂದ ಬರಲ್ಲ."

ಡೈರೆಕ್ಟರ್ ಪೆನ್ನು ತೆಗೆದುಕೊಳ್ಳಲಿಲ್ಲ. "ಎಂಥಾ ಸಂಖ್ಯೆ ಬುರುಲ್ ಜಾಕಿಪೊವ್ನಾ? ಸರಿಯಾಗಿ ಹೇಳಿ."

ಹೇಳಿದಳು. ಪೆಟ್ಟಿಗೆಗಳು, ಅವುಗಳ ಹಿರಿಯ, ಹಿರಿತನಕ್ಕೊಂದು ಸಂಖ್ಯೆ. ಹೇಳುತ್ತ ಹೇಳುತ್ತ ತನ್ನ ದನಿ ಅವಳಿಗೇ ವಿಚಿತ್ರವಾಗಿ, ಯಾರೋ ಮಕ್ಕಳಿಗೆ ಕಥೆ ಹೇಳುವ ಹಾಗೆ, ಕೇಳಿಸಿತು.

"ನನಗೆ ಎಷ್ಟು ಕೊಟ್ಟಿದೀರಿ?" ಎಂದರು ಡೈರೆಕ್ಟರ್.

"ಅರವತ್ತೊಂದು ಸಾವಿರದ ನಾನೂರ ನಲವತ್ತು. ಅದಕ್ಕಿಂತ ದೊಡ್ಡದು ಇಲ್ಲ."

ಅವರು ಕುರ್ಚಿಯಲ್ಲಿ ತುಸು ಹಿಂದಕ್ಕೆ ಸರಿದರು. "ಸರಿಯಾಗೇ ಇದೆಯಲ್ಲ."

"ನನಗೆ?" ಎಂದರು ಎರ್ಕಿನ್‌ಬೆಕ್.

"ಐವತ್ಮೂರು ಸಾವಿರದ ಇನ್ನೂರ ನಲವತ್ತೆಂಟು."

"ಅಷ್ಟು ಅಂತರಾನಾ?"

"ಆದರೆ ಇದರಲ್ಲಿ ಚಿಕ್ಕ ಸಂಖ್ಯೆ ಇರೋರೇ ಹಿರಿಯರು" ಎಂದಳು ಬುರುಲ್. "ನನಗೆ ಅದು ಗೊತ್ತಿರಲಿಲ್ಲ. ಗೌರವಕ್ಕೆ ಅಂತ ಕೊಟ್ಟೆ."

ಹದಿನೆಂಟು ಜನ ಅಲ್ಲ, ಏಳೇ ಜನ, ಆದರೂ ಅಗಿಯುವುದು ನಿಂತ ಸದ್ದು ಅವಳಿಗೆ ಗುರುತು ಹತ್ತಿತು.

"ಹಾಗಾದ್ರೆ" ಎಂದರು ಮೆಲ್ಸ್ ಸಾದಿರೋವಿಚ್ ನಿಧಾನವಾಗಿ, "ಈ ನಾಲ್ಕು ವರ್ಷ ಕಾಲೇಜಿಗೆ ಹಿರಿಯರು ಯಾರು?"

"ಕ್ಯಾಂಟೀನು. ಪಾತ್ರೆ ತೊಳೆಯೋ ಕೋಣೆ. ಅಲ್ಲಿ ಒಂದೇ ಸಾಕೆಟ್ ಇದೆ. ಚಹಾ ಕಾಯಿಸೋಕೆ ಸೊನುನ್ ಎಜೆ ಪ್ಲಗ್ ಕೀಳ್ತಾರೆ, ಆಗ ನೀವು ನಿಲ್ತೀರಿ. ಮತ್ತೆ ಚುಚ್ಚಿದಾಗ ಇನ್ನೊಂದ್ಸಲ ನಿಲ್ತೀರಿ. ಅವರಿಗೆ ಗೊತ್ತಿಲ್ಲ, ಅವರದ್ದೂ ತಪ್ಪಿಲ್ಲ."

ಯಾರೋ ಕೆಮ್ಮಿದರು. ಕೆಮ್ಮು ಉದ್ದವಾಯಿತು. ಎರ್ಕಿನ್‌ಬೆಕ್ ಕರವಸ್ತ್ರದೊಳಗೆ ಮುಖ ಇಟ್ಟು ಹೊರಬಂದಾಗ ಕಣ್ಣಲ್ಲಿ ನೀರಿತ್ತು.

"ಏನು ಮಾಡ್ಬೇಕು ಈಗ?" ಎಂದರು ಡೈರೆಕ್ಟರ್.

"ಒಂದೇ ಸಾಲು. ನಿಮಗೆ ಸೊನ್ನೆ ಕೊಟ್ರೆ ಆಯ್ತು."

ಗುಲ್ಬಾರಾಳ ಪೆನ್ನು ನಿಂತಿತು. "ಡೈರೆಕ್ಟರಿಗೆ ಸೊನ್ನೆ. ಹಾಗೇ ಬರೀಲಾ?"

"ತಾಳಿ, ತಾಳಿ" ಎಂದರು ಮೆಲ್ಸ್ ಸಾದಿರೋವಿಚ್. "ಯಾವುದಕ್ಕೆ ಸೊನ್ನೆ? ಈ ಟಿಪ್ಪಣಿ ಮಂತ್ರಾಲಯಕ್ಕೆ ಹೋಗತ್ತೆ."

"ಸೊನ್ನೆ ಬೇಡ ಅಂದ್ರೆ ನಾಲ್ಕು ಸಾವಿರದ ತೊಂಬತ್ತಾರು ಕೊಡಬಹುದು. ಆಗ ವಿಜ್ಞಾನ ಕಟ್ಟಡಕ್ಕೆ ಎಂಟು ಸಾವಿರದ ನೂರ ತೊಂಬತ್ತೆರಡು."

"ಎರ್ಕಿನ್‌ಬೆಕ್‌ಗೆ ನನ್ನ ಎರಡರಷ್ಟು?"

"ನನಗೆ ಬೇಡ!" ಎಂದರು ಎರ್ಕಿನ್‌ಬೆಕ್ ಗಾಬರಿಯಿಂದ. "ಸ್ವಾಮಿ, ನನಗೆ ಏನೂ ಬೇಡ. ನಾನು ಕೇಳಿಲ್ಲ."

"ಇದರಲ್ಲಿ ದೊಡ್ಡದು ಅಂದ್ರೆ ಸಣ್ಣದು" ಎಂದಳು ಬುರುಲ್.

"ಅದು ನಿಮಗೆ ಗೊತ್ತು, ಈಗ ನನಗೂ ಗೊತ್ತು. ಓದೋರಿಗೆ ಗೊತ್ತಾ? ನಿಮಗೇ ನಾಲ್ಕು ವರ್ಷ ಗೊತ್ತಿರಲಿಲ್ಲವಲ್ಲ." ಡೈರೆಕ್ಟರ್ ಎದ್ದು ಕಿಟಕಿಯ ತನಕ ಹೋಗಿ ಬಂದರು. ಅವರ ಮುಖದಲ್ಲಿ ಬುರುಲ್ ಹುಡುಕಿದ್ದು ಕೋಪ; ಸಿಕ್ಕಿದ್ದು, ಮದುವೆಮನೆಯಲ್ಲಿ ತನ್ನ ಜಾಗ ಯಾವುದೆಂದು ತಿಳಿಯದೆ ಬಾಗಿಲಲ್ಲಿ ನಿಂತವರ ಪೆಚ್ಚು. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದು ಹಿತವಾಗಿಯೂ ಇತ್ತು. "ಆ ಪ್ಲಗ್ ಕೀಳದಿದ್ರೆ ಸಾಕು ತಾನೇ?"

"ಸಾಕು."

"ಹಾಗಾದ್ರೆ ಇರೋದು ಇದ್ದ ಹಾಗೇ ಇರ್ಲಿ. ಅರವತ್ತೊಂದು ಸಾವಿರ ನನಗಿರ್ಲಿ. ಬರ್ಕೊಳಿ ಗುಲ್ಬಾರಾ, ಕ್ಯಾಂಟೀನಿಗೆ ಇನ್ನೊಂದು ಸಾಕೆಟ್, ಇವತ್ತೇ. ಹಾಕೋರು ಯಾರು, ಎಲೆಕ್ಟ್ರಿಷಿಯನ್." ಅವರು ಬಾಗಿಲ ಕಡೆ ನೋಡಿದರು, ಆಮೇಲೆ ಮೇಜಿನ ಮೇಲಿದ್ದ ಕಾಗದ ನೋಡಿದರು. ಅದನ್ನು ಎತ್ತಿ ಗುಲ್ಬಾರಾಳ ಕಡೆ ಜಾರಿಸಿದರು.

"ಇದರಲ್ಲೇ ಹೆಸರು ಬದಲಿಸ್ಲಾ?" ಎಂದಳು ಗುಲ್ಬಾರಾ, ಕೆಲಸ ಉಳಿಸುವ ಉತ್ಸಾಹದಿಂದ.

"ವಜಾ ಬೇಡ. ಮೆಮೋ. ಬುರುಲ್ ಜಾಕಿಪೊವ್ನಾಗೆ ಮೊದಲನೇದು ತಾನೇ."

"ಕರೆಂಟ್ ಬಾಯ್ಕೆದು ಎರಡೂ ಮೆಮೋ ವಾಪಸ್ ತಗೋಬೇಕು" ಎಂದಳು ಬುರುಲ್. ತನ್ನ ದನಿ ಇಷ್ಟು ಗಟ್ಟಿಯಾಗಿರಬಹುದು ಎಂದು ಅವಳು ಎಣಿಸಿರಲಿಲ್ಲ. "ಎರಡೂ. ಇದನ್ನೂ ಬರೀಬೇಕು."

"ಆಯ್ತು, ಆಯ್ತು" ಎಂದರು ಡೈರೆಕ್ಟರ್. ಊಟದ ಹೊತ್ತಾಗಿತ್ತು. ನಿನಗೆ ಇದು ಯಾವಾಗ ಗೊತ್ತಾಯಿತು ಎಂದು ಅವರು ಕೇಳಲಿಲ್ಲ, ಯಾರೂ ಕೇಳಲಿಲ್ಲ. ಆ ಪ್ರಶ್ನೆ ಬರುತ್ತದೆಂದು ಕಾದು ನಿಂತವಳು, ಬರದೇ ಹೋದಾಗ, ಯಾರೂ ಕುಳಿತುಕೊಳ್ಳದ ಕುರ್ಚಿಯನ್ನು ಒರೆಸಿಟ್ಟವಳ ಹಾಗೆ, ಒಂದು ಗಳಿಗೆ ಪೆಚ್ಚಾದಳು. ಆಮೇಲೆ ಹಾಯೆನಿಸಿತು. ಆ ಹಾಯಿಗೆ ಆಮೇಲೆ ನಾಚಿಕೆಯಾಯಿತು. ಬಾಗಿಲ ಬಳಿಯ ಕುರ್ಚಿ ಆಗಲೇ ಖಾಲಿಯಾಗಿತ್ತು.

ಎರಡು ಗಂಟೆಗೆ ಶಾರ್ಶೆನ್ ಕ್ಯಾಂಟೀನಿನಲ್ಲಿ ಏಣಿ ಹಾಕಿದ. ಬುರುಲ್ ಪೆಟ್ಟಿಗೆಗೆ ಧೂಳು ಹೋಗದ ಹಾಗೆ ಬಟ್ಟೆ ಮುಚ್ಚಲು ಬಂದವಳು, ಮುಚ್ಚಿ, ಹೋಗಬಹುದಾದಾಗಲೂ ನಿಂತಳು. ನಾಳೆಯೊಳಗೆ ಮೆಮೋ ಸೂಚನಾ ಫಲಕಕ್ಕೆ ಬರುತ್ತದೆ, ವಿದ್ಯಾರ್ಥಿಗಳು ಓದುತ್ತಾರೆ, ಊರ ಸಂತೆಗೆ ಹೋಗುತ್ತದೆ, ಸಂತೆಯಿಂದ ಅತ್ತೆಗೆ. ಅದು ಹೇಗೂ ಆಯಿತು. ಧನ್ಯವಾದ ಹೇಳುತ್ತಾನೇನೋ ಎಂದು ಒಂದು ಹಾಳು ಆಸೆ ಅವಳೊಳಗೆ ಹಲ್ಲಿಯ ಬಾಲದ ಹಾಗೆ ಇನ್ನೂ ಮಿಡುಕುತ್ತಿತ್ತು.

"ಏಣಿ ಹಿಡ್ಕೋ ಕೆಲಿನ್" ಎಂದ ಶಾರ್ಶೆನ್. "ನೆಲ ಜಾರತ್ತೆ."

ಹಿಡಿದಳು. ಅವನು ಹತ್ತಿದ. ಗೋಡೆಯ ಹಸಿರು ಎಣ್ಣೆಬಣ್ಣದ ಮೇಲೆ ಪೆನ್ಸಿಲಿನಿಂದ ಎರಡು ಗುರುತು ಮಾಡಿದ, ಡ್ರಿಲ್ ಎತ್ತಿದ, ಒತ್ತಲಿಲ್ಲ.

"ಯಾವಾಗ ಗೊತ್ತಾಯ್ತು ನಿಂಗೆ ಇದು?"

ಬೆಳಿಗ್ಗೆ ಎನ್ನಬಹುದಿತ್ತು. ನಂಬಲು ಅವನು ತಯಾರಿದ್ದ. ಕೇಳಿದ ರೀತಿಯಲ್ಲೇ ಆ ಉತ್ತರಕ್ಕೆ ಜಾಗ ಮಾಡಿಕೊಟ್ಟಿದ್ದ. ಏಣಿಯ ಮೆಟ್ಟಿಲ ಮೇಲೆ ಅವಳ ಮೂಗಿನ ಎದುರಿಗೆ ಅವನ ಬೂಟುಗಳಿದ್ದವು, ಕಂಬ ಹತ್ತಿ ಹತ್ತಿ ಒಳಪಕ್ಕ ಸವೆದವು.

"ಹೋದ ವಾರ" ಎಂದಳು.

"ಶುಕ್ರವಾರಕ್ಕೆ ಮುಂಚೇನೋ, ಆಮೇಲೋ?"

"ಮುಂಚೆ."

ಮೇಲೆ ಡ್ರಿಲ್ ಕಿರುಚಿತು. ಹಳೆಯ ಗಾರೆ, ಇಟ್ಟಿಗೆಯ ಕೆಂಪು, ಹಸಿರು ಬಣ್ಣದ ಹಕ್ಕಳೆಗಳು ಅವಳ ತಲೆಯ ಮೇಲೆ, ಭುಜದ ಮೇಲೆ, ಕುತ್ತಿಗೆಯೊಳಗೆ ಇಳಿದವು. ಕಣ್ಣು ಮುಚ್ಚಿದಳು. ಎರಡನೆಯ ತೂತು. ಸಾಕೆಟ್ಟಿಗೆ ಬೇಕಾದದ್ದು ಎರಡು, ಅವನು ಗುರುತು ಮಾಡಿದ್ದೂ ಎರಡೇ, ಅವಳು ನೋಡಿದ್ದಳು. ಡ್ರಿಲ್ ನಿಂತಿತು. ಬೂಟುಗಳು ತುಸು ಬಲಕ್ಕೆ ಸರಿದವು, ಸರಿಯಾಗಿ ಅವಳ ನೆತ್ತಿಯ ಮೇಲೆ. ಮೂರನೆಯದು ಶುರುವಾಯಿತು. ಅದಕ್ಕೆ ಅವಸರವೇ ಇರಲಿಲ್ಲ.

ಸೊನುನ್ ಎಜೆ ಬಾಗಿಲಲ್ಲಿ ಬಂದು ನಿಂತು ಸೆರಗಿನಂಥ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. "ಅಯ್ಯೋ ದೇವ್ರೇ, ಬುರುಲ್! ಈಚೆ ಬಾರೆ! ಮುದುಕಿ ಆಗ್ಬಿಟ್ಟಿದೀಯ, ಪೂರಾ ಬಿಳಿ! ಶಾರ್ಶೆನ್, ನಿಂಗೆ ಕಣ್ಣು ಕಾಣಲ್ವಾ, ಕೆಳಗೆ ಹೆಂಗಸು ನಿಂತಿದಾಳೆ!"

"ಕಾಣತ್ತೆ" ಎಂದ ಶಾರ್ಶೆನ್.

"ಈಚೆ ಬಾ ಅಂದ್ನಲ್ಲೆ."

ಬುರುಲ್ ಎರಡೂ ಕೈಯಿಂದ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ತುಟಿಯ ಮೇಲೆ ಸುಣ್ಣದ ರುಚಿ. "ಇರ್ಲಿ ಎಜೆ" ಎಂದಳು. "ಬಾಯ್ಕೆ ಕೆಲಸ ಇನ್ನೂ ಮುಗಿದಿಲ್ಲ."

ಮೇಲೆ ಶಾರ್ಶೆನ್ ನಾಲ್ಕನೆಯ ತೂತಿಗೆ ಜಾಗ ಹುಡುಕುತ್ತಿದ್ದ.